ಮೆಸಾ-ವೆಬ್: ಬ್ರಹ್ಮಹೃದಯಕ್ಕೆ ಒರೆ ಹಚ್ಚಿ ನೋಡಿದ ಉಚಿತ ನಕ್ಷತ್ರ ಸೇವೆ

ಮೂರು ವಾರಗಳಿಂದ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಕ್ಷತ್ರಗಳು ಹುಟ್ಟುತ್ತಿವೆ, ಉಬ್ಬುತ್ತಿವೆ, ಮುದಿಯಾಗುತ್ತಿವೆ. ನಾನು ಮತ್ತು ಅಂತಿಮ ಬಿ.ಎಸ್ಸಿ.ಯ ನಾಲ್ವರು ವಿದ್ಯಾರ್ಥಿಗಳು ಸೇರಿ ಇಲ್ಲಿಯವರೆಗೆ 31 ನಕ್ಷತ್ರಗಳ ಲೆಕ್ಕ ಮಾಡಿಸಿದ್ದೇವೆ. ಮಾಡಿಸಿದ್ದೇವೆ ಎಂದೇ ಹೇಳಬೇಕು. ಲೆಕ್ಕ ಮಾಡಿದ್ದು ನಾವಲ್ಲ, ದೂರದ ಅಮೆರಿಕದ ಕಂಪ್ಯೂಟರುಗಳು. ಸೇವೆಯ ಹೆಸರು ಮೆಸಾ-ವೆಬ್. ಶುಲ್ಕವಿಲ್ಲ, ತಂತ್ರಾಂಶ ಇಳಿಸಿಕೊಂಡು ಸ್ಥಾಪಿಸುವ ತಾಪತ್ರಯವಿಲ್ಲ. ನಕ್ಷತ್ರದ ದ್ರವ್ಯರಾಶಿ ಎಷ್ಟು, ಅದರಲ್ಲಿ ಲೋಹಾಂಶ ಎಷ್ಟು ಎಂದು ಒಂದು ನಮೂನೆಯಲ್ಲಿ ತುಂಬಿ ಇಮೇಲ್ ವಿಳಾಸ ಕೊಟ್ಟರೆ ಸಾಕು, ಆ ನಕ್ಷತ್ರದ ಇಡೀ ಜೀವನಚರಿತ್ರೆ ನಿಮ್ಮ ಅಂಚೆಪೆಟ್ಟಿಗೆಗೆ ಬರುತ್ತದೆ.

ಕುಕ್ಕರ್ ಕೊಂಡವರು ಅನ್ನ ಬೆಂದಿತೇ ಎಂದು ನೋಡಿ ವಿಮರ್ಶೆ ಬರೆಯಬಹುದು. 60 ಕೋಟಿ ವರ್ಷಗಳ ಕಥೆಯನ್ನು ಒಂದು ಮಧ್ಯಾಹ್ನದಲ್ಲಿ ಹೇಳಿ ಮುಗಿಸುವ ಸೇವೆಯನ್ನು ಹೇಗೆ ಪರೀಕ್ಷಿಸುವುದು? ಪರದೆಯ ಮೇಲೆ ಚೆಂದದ ವಕ್ರರೇಖೆ ಮೂಡಿತು ಎಂದಮಾತ್ರಕ್ಕೆ ಅದು ನಿಜವಾಗುವುದಿಲ್ಲ. ಆದ್ದರಿಂದ ನಾನು ಮೊದಲ ದಿನವೇ ಒಂದು ನಿಯಮ ಮಾಡಿದೆ: ಆಕಾಶದಲ್ಲಿ ಅಳತೆಯಾದ ನಕ್ಷತ್ರವನ್ನು ಮಾತ್ರ ಮಾಡಿಸಬೇಕು. ಅಳತೆಯಾದದ್ದು ಒಂಟಿಯಾಗಿರಬಾರದು, ಜೋಡಿಯಾಗಿರಬೇಕು. ಜೋಡಿಯಲ್ಲಿ ಎರಡೂ ಮುಪ್ಪಿನಲ್ಲಿ ಉಬ್ಬಿದ ದೈತ್ಯ ನಕ್ಷತ್ರಗಳೇ ಆಗಿದ್ದರೆ ಇನ್ನೂ ಒಳ್ಳೆಯದು.

ಹಾಗೆ ಆರಿಸಿಕೊಂಡದ್ದು ಬ್ರಹ್ಮಹೃದಯ. ಇಂಗ್ಲಿಷಿನಲ್ಲಿ ಕಪೆಲ್ಲಾ. ಜನವರಿ ಕೊನೆಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಶಿರಸಿಯ ನಮ್ಮ ಮನೆಯ ಅಂಗಳದಲ್ಲಿ ಉತ್ತರಕ್ಕೆ ಮುಖ ಮಾಡಿ ತಲೆಯೆತ್ತಿದರೆ ಅಡಿಕೆ ಮರಗಳ ತುದಿಗಿಂತ ಬಹಳ ಮೇಲೆ ಹಳದಿ ಬಣ್ಣದಲ್ಲಿ ಕಾಣುತ್ತದೆ. ರಾತ್ರಿಯ ಆಕಾಶದ ಆರನೆಯ ಅತಿ ಪ್ರಕಾಶಮಾನ ನಕ್ಷತ್ರ ಅದು. ನಮ್ಮ ಅಪ್ಪಯ್ಯ ಪಂಚಾಂಗ ನೋಡುವವರು. ಸೂರ್ಯಸಿದ್ಧಾಂತದಲ್ಲಿ ಬ್ರಹ್ಮಹೃದಯದ ಸ್ಥಾನ ಹೇಳಿದೆ ಎಂದು ನನಗೆ ಅದನ್ನು ಮೊದಲು ತೋರಿಸಿದವರು ಅವರೇ. ಅದು ಒಂದಲ್ಲ, ಎರಡು ಎಂದು ನನಗೆ ಗೊತ್ತಾದದ್ದು ಎಂ.ಎಸ್ಸಿ.ಗೆ ಬಂದ ಮೇಲೆ.

ಎರಡು ಎಂಬುದು ಲೋಕಕ್ಕೆ ತಿಳಿದದ್ದು 1899ರಲ್ಲಿ. ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ಕ್ಯಾಂಪ್ಬೆಲ್, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನ್ಯೂವಾಲ್, ಇಬ್ಬರೂ ಬೇರೆಬೇರೆಯಾಗಿ ಅದರ ರೋಹಿತವನ್ನು, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕನ್ನು ಪರಿಶೀಲಿಸಿ, ಅದರಲ್ಲಿ ಎರಡು ನಕ್ಷತ್ರಗಳ ರೇಖೆಗಳು ಹಿಂದೆ ಮುಂದೆ ಸರಿದಾಡುತ್ತಿರುವುದನ್ನು ಕಂಡರು. 104 ದಿನಕ್ಕೊಮ್ಮೆ ಅವು ಒಂದನ್ನೊಂದು ಸುತ್ತುತ್ತವೆ. ಆದರೆ ಕಣ್ಣಿಗೆ ಬೇರೆಬೇರೆಯಾಗಿ ತೋರಿಸುವ ದೂರದರ್ಶಕ ಆಗ ಇರಲಿಲ್ಲ. ಅವುಗಳ ನಡುವಿನ ಕೋನ ಒಂದು ಆರ್ಕ್ ಸೆಕೆಂಡಿನ (ಡಿಗ್ರಿಯ 3600ನೆಯ ಒಂದು ಪಾಲಿನ) ಸುಮಾರು ಹದಿನೆಂಟನೆಯ ಒಂದು ಪಾಲು. ಹುಬ್ಬಳ್ಳಿಯಲ್ಲಿಟ್ಟ ಒಂದು ನಾಣ್ಯದ ಅಗಲವನ್ನು ಶಿರಸಿಯಲ್ಲಿ ನಿಂತು ಅಳೆದಂತೆ. 1919 ಮತ್ತು 1920ರಲ್ಲಿ ಮೌಂಟ್ ವಿಲ್ಸನ್‌ನ ನೂರು ಇಂಚಿನ ಹೂಕರ್ ದೂರದರ್ಶಕಕ್ಕೆ ಮೈಕೆಲ್ಸನ್ ವಿಧಾನದ ವ್ಯತಿಕರಣಮಾಪಕ ಜೋಡಿಸಿ ಜಾನ್ ಆ್ಯಂಡರ್ಸನ್ ಈ ಅಳತೆಯನ್ನು ಮಾಡಿದರು. ದೂರದರ್ಶಕಕ್ಕೆ ಬಂದ ಬೆಳಕನ್ನು ಎರಡು ಸೀಳುಗಳ ಮೂಲಕ ಹಾಯಿಸಿ, ಮೂಡಿದ ಪಟ್ಟೆಗಳು ಯಾವಾಗ ಸ್ಪಷ್ಟ, ಯಾವಾಗ ಮಸುಕು ಎಂದು ನೋಡಿ, ಕಣ್ಣಿಗೆ ಕಾಣದ ಕಕ್ಷೆಯನ್ನು ಬಿಡಿಸಿದರು. ಇದನ್ನು ತರಗತಿಯಲ್ಲಿ ಹೇಳುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಬಿ.ಎಸ್ಸಿ. ಎರಡನೆಯ ವರ್ಷದ ಪ್ರಯೋಗಪುಸ್ತಕದಲ್ಲಿರುವ ಜೋಡಿ ಸೀಳಿನ ಪ್ರಯೋಗ ಅದು, ಆಕಾಶದ ಮೇಲೆ ಮಾಡಿದ್ದು.

ಬಾನಿನಲ್ಲಿ ಕಕ್ಷೆಯ ಆಕಾರ ಮತ್ತು ರೋಹಿತದಿಂದ ವೇಗ, ಇವೆರಡೂ ಸಿಕ್ಕರೆ ಉಳಿದದ್ದು ನ್ಯೂಟನ್ನನ ಕೆಲಸ. ಎರಡೂ ನಕ್ಷತ್ರಗಳ ದ್ರವ್ಯರಾಶಿ ಬರುತ್ತದೆ, ದೂರವೂ ಬರುತ್ತದೆ. ದೂರ ಸುಮಾರು 43 ಜ್ಯೋತಿರ್ವರ್ಷ. ನಕ್ಷತ್ರದ ಒಳಗೆ ಏನಾಗುತ್ತಿದೆ ಎಂಬ ಯಾವ ಊಹೆಯೂ ಈ ಅಳತೆಗೆ ಬೇಕಿಲ್ಲ. ಅದಕ್ಕೇ ಇದು ಒರೆಗಲ್ಲು. ಒಳಗಿನ ಊಹೆಗಳಿಂದಲೇ ಕಟ್ಟಿದ ಮಾದರಿಯನ್ನು ಅದೇ ಊಹೆಗಳಿಂದ ಪಡೆದ ಸಂಖ್ಯೆಗೆ ಹೋಲಿಸಿದರೆ, ಅಂಗಡಿಯವನ ತಕ್ಕಡಿಯನ್ನು ಅವನದೇ ತೂಕದ ಬಟ್ಟಿನಿಂದ ಪರೀಕ್ಷಿಸಿದಂತಾಗುತ್ತದೆ.

ನಾವು ಗೋಡೆಗೆ ಅಂಟಿಸಿಕೊಂಡ ಪಟ್ಟಿ 2015ರದು. ಟಾರೆಸ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ್ದು. ಭಾರವಾದ ನಕ್ಷತ್ರ ಸೂರ್ಯನ 2.5687 ಪಟ್ಟು, ಹಗುರವಾದದ್ದು 2.4828 ಪಟ್ಟು. ಎರಡರ ಅನಿಶ್ಚಿತತೆಯೂ ಶೇಕಡಾ 0.3ರಷ್ಟು ಮಾತ್ರ. ತ್ರಿಜ್ಯ ಕ್ರಮವಾಗಿ ಸೂರ್ಯನ 11.98 ಮತ್ತು 8.83 ಪಟ್ಟು. ಮೇಲ್ಮೈ ಉಷ್ಣತೆ 4970 ಮತ್ತು 5730 ಕೆಲ್ವಿನ್. ದೀಪ್ತಿ 78.7 ಮತ್ತು 72.7 ಸೂರ್ಯರಷ್ಟು. ಹುಡುಗಿಯರು ಇವುಗಳಿಗೆ ಅಕ್ಕ, ತಂಗಿ ಎಂದು ಹೆಸರಿಟ್ಟರು. ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿದ ಅವಳಿಗಳು. ತೂಕ ಜಾಸ್ತಿಯಿರುವವಳು ಇಂಧನವನ್ನು ಬೇಗ ಮುಗಿಸುವುದರಿಂದ ವಯಸ್ಸು ಒಂದೇ ಆದರೂ ಮುಪ್ಪು ಮೊದಲು ಬಂದದ್ದು ಅಕ್ಕನಿಗೆ.

ಇನ್ನು ಸೇವೆಯ ವಿಷಯ. ಮೆಸಾ ಎಂಬುದು ನಕ್ಷತ್ರ ವಿಕಾಸವನ್ನು ಲೆಕ್ಕ ಹಾಕುವ ಮುಕ್ತ ತಂತ್ರಾಂಶ. ಬಿಲ್ ಪ್ಯಾಕ್ಸ್ಟನ್ ನೇತೃತ್ವದ ತಂಡ 2011ರಲ್ಲಿ ಅದರ ಮೊದಲ ದೊಡ್ಡ ಪ್ರಬಂಧವನ್ನು ಪ್ರಕಟಿಸಿತು. ಇವತ್ತು ಈ ಕ್ಷೇತ್ರದಲ್ಲಿ ಅದನ್ನು ಮುಟ್ಟದವರು ಕಡಿಮೆ. ಆದರೆ ಅದನ್ನು ಸ್ವಂತ ಕಂಪ್ಯೂಟರಿನಲ್ಲಿ ಕೂರಿಸಿಕೊಳ್ಳಲು ತಾಳ್ಮೆಯೂ ಬೇಕು, ಒಳ್ಳೆಯ ಯಂತ್ರವೂ ಬೇಕು. ಎರಡು ವರ್ಷಗಳ ಹಿಂದೆ ನಾನು ಪ್ರಯತ್ನಿಸಿ ಒಂದು ವಾರ ಕಳೆದು ಕೈಬಿಟ್ಟಿದ್ದೆ. ಮೆಸಾ-ವೆಬ್ ಆ ಗೋಡೆಯನ್ನು ಕೆಡವಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿರುವ ನಮೂನೆಯಲ್ಲಿ ಆರಂಭದ ದ್ರವ್ಯರಾಶಿ, ಲೋಹಾಂಶ, ತನ್ನ ಸುತ್ತ ತಿರುಗುವ ವೇಗ, ಸಂವಹನಕ್ಕೆ (ನಕ್ಷತ್ರದೊಳಗಿನ ಅನಿಲದ ಕುದಿತಕ್ಕೆ) ಸಂಬಂಧಿಸಿದ ಸಂಖ್ಯೆಗಳು, ಎಲ್ಲಿ ನಿಲ್ಲಿಸಬೇಕು ಎಂಬ ಷರತ್ತು, ಇವನ್ನು ತುಂಬುವುದು. ಕಳುಹಿಸು ಎಂದು ಒತ್ತುವುದು. ಮುಗಿದ ಮೇಲೆ ಇಮೇಲ್ ಬರುತ್ತದೆ. ಅದರಲ್ಲಿರುವ ಕೊಂಡಿಯಿಂದ ಒಂದು ಜಿಪ್ ಕಡತ ಇಳಿಸಿಕೊಳ್ಳಬೇಕು. ಅದರೊಳಗೆ ಇತಿಹಾಸದ ಕಡತ, ಬೇರೆಬೇರೆ ವಯಸ್ಸಿನಲ್ಲಿ ನಕ್ಷತ್ರವನ್ನು ಸೀಳಿ ತೋರಿಸುವ ಅಡ್ಡಕೊಯ್ತದ ಕಡತಗಳು, ಜೊತೆಗೆ ಒಂದು ಪುಟ್ಟ ಚಲನಚಿತ್ರ.

ಚಲನಚಿತ್ರವನ್ನು ಹುಡುಗರು ಮತ್ತೆಮತ್ತೆ ಹಾಕಿ ನೋಡಿದರು. ನೋಡಲಿ, ತಪ್ಪಿಲ್ಲ. ಆದರೆ ನಿಜವಾದ ಸಂಪತ್ತು ಇತಿಹಾಸದ ಕಡತದಲ್ಲಿದೆ. ಸಾಲುಸಾಲಾಗಿ ವಯಸ್ಸು, ಉಷ್ಣತೆ, ದೀಪ್ತಿ, ತ್ರಿಜ್ಯ, ಗರ್ಭದಲ್ಲಿ ಉಳಿದ ಹೈಡ್ರೋಜನ್, ಹೀಲಿಯಂ. ಒಂದು ಎಚ್ಚರಿಕೆ: ಉಷ್ಣತೆ, ದೀಪ್ತಿ, ತ್ರಿಜ್ಯ ಮೂರೂ ಲಾಗರಿದಮ್ಮಿನಲ್ಲಿವೆ. ತಂಗಿಯ ತ್ರಿಜ್ಯ 8.83 ಎಂದು ಹುಡುಕಿದರೆ ಸಿಗುವುದಿಲ್ಲ, 0.946 ಎಂದು ಹುಡುಕಬೇಕು. ಅಕ್ಕನದು 1.078. ನಮ್ಮ ಒಂದು ಗುಂಪು ಇಡೀ ಮಧ್ಯಾಹ್ನ 8.83ನ್ನು ಹುಡುಕಿ, ನಕ್ಷತ್ರ ಇನ್ನೂ ಬೆಳೆದೇ ಇಲ್ಲ ಎಂದು ತೀರ್ಮಾನಿಸಿತ್ತು.

ಈಗ ಈ ವಿಮರ್ಶೆಯ ತಿರುಳಿಗೆ ಬರುತ್ತೇನೆ. ಮೊದಲು ಅಕ್ಕನನ್ನು ಒಬ್ಬಳನ್ನೇ ಮಾಡಿಸಿದೆವು. ತ್ರಿಜ್ಯ 12ರ ಹತ್ತಿರ ಬರುವ ಸಾಲು ಎಲ್ಲಿದೆ ಎಂದು ನೋಡಿದರೆ ಒಂದಲ್ಲ, ಹಲವು ಕಡೆ ಇದೆ. ಹೈಡ್ರೋಜನ್ ಮುಗಿದು ಮೊದಲ ಸಲ ಉಬ್ಬುತ್ತ ಹೋಗುವಾಗ ಅವಳು 12ನ್ನು ದಾಟುತ್ತಾಳೆ. ಇನ್ನೂ ದೊಡ್ಡವಳಾಗಿ, ಗರ್ಭದಲ್ಲಿ ಹೀಲಿಯಂ ಹೊತ್ತಿಕೊಂಡ ಮೇಲೆ ಕುಗ್ಗುತ್ತ ಬರುವಾಗ ಮತ್ತೊಮ್ಮೆ ದಾಟುತ್ತಾಳೆ. ಹೀಲಿಯಂ ಉರಿಸುತ್ತ ನೆಮ್ಮದಿಯಿಂದ ಇರುವ ದೀರ್ಘ ಕಾಲದಲ್ಲೂ ಆಸುಪಾಸಿನಲ್ಲೇ ಇರುತ್ತಾಳೆ, ಹೀಲಿಯಂ ತೀರಿ ಮತ್ತೆ ಉಬ್ಬಲು ಹೊರಟಾಗ ಇನ್ನೊಮ್ಮೆ. ಉಷ್ಣತೆಯನ್ನೂ ದೀಪ್ತಿಯನ್ನೂ ಸೇರಿಸಿ ನೋಡಿದರೆ ಕೆಲವು ಬಿಟ್ಟುಹೋಗುತ್ತವೆ, ಎಲ್ಲವೂ ಅಲ್ಲ. ಸಂವಹನದ ಸಂಖ್ಯೆಯನ್ನು ಸ್ವಲ್ಪ ಆಚೀಚೆ ತಿರುಗಿಸಿದರೆ ಬಿಟ್ಟುಹೋದದ್ದೂ ಮತ್ತೆ ಕೂಡಿಕೊಳ್ಳುತ್ತದೆ. ಒಂಟಿ ದೈತ್ಯ ಎಂಥ ಮಾದರಿಗೂ ಹೊಂದಿಕೊಂಡುಬಿಡುತ್ತದೆ. ಆ ದಿನ ಸಂಜೆ ಒಬ್ಬ ಹುಡುಗ, 'ಮೇಡಂ, ಹೀಗಾದರೆ ಯಾವ ಉತ್ತರ ಬರೆದರೂ ಅಂಕ ಕೊಡುವ ಪರೀಕ್ಷೆಯಾಯಿತಲ್ಲ' ಎಂದ. ಸರಿಯಾಗಿಯೇ ಹೇಳಿದ.

ಮರುದಿನ ತಂಗಿಯನ್ನು ಮಾಡಿಸಿದೆವು, ಪರೀಕ್ಷೆ ಬಿಗಿಯಾಯಿತು. ತಂಗಿ ಇರುವ ಜಾಗ ಅಂಥದ್ದು. ಗರ್ಭದ ಹೈಡ್ರೋಜನ್ ಮುಗಿದಿದೆ, ಹೀಲಿಯಂ ಇನ್ನೂ ಹೊತ್ತಿಕೊಂಡಿಲ್ಲ. ನಡುವಿನ ಹಾದಿಯಲ್ಲಿ ಬಿರಬಿರನೆ ಸಾಗುತ್ತಿದ್ದಾಳೆ. ಖಗೋಳದವರು ಇದನ್ನು ಹರ್ಟ್ಸ್‌ಪ್ರಂಗ್ ಕಂದರ ಎನ್ನುತ್ತಾರೆ. ಕಂದರ ಎಂಬ ಹೆಸರು ಬಂದದ್ದೇ ಅಲ್ಲಿ ನಕ್ಷತ್ರಗಳು ಅಪರೂಪವಾಗಿ ಕಾಣುವುದರಿಂದ, ಅಪರೂಪವಾಗಲು ಕಾರಣ ಎಲ್ಲವೂ ಅದನ್ನು ಬೇಗ ದಾಟಿಬಿಡುವುದು. 60 ಕೋಟಿ ವರ್ಷಗಳ ಆಯುಷ್ಯದಲ್ಲಿ ಆ ದಾಟುವಿಕೆಗೆ ಹಿಡಿಯುವುದು ಕೆಲವೇ ಹತ್ತು ಲಕ್ಷ ವರ್ಷ. ಹೊಳೆಯ ಸಂಕದ ಮೇಲೆ ನಡೆಯುತ್ತಿರುವವರನ್ನು ಕಂಡಂತೆ. ಮನೆಯಲ್ಲಿ ಕುಳಿತವರನ್ನು ಕಂಡರೆ ಹೊತ್ತೆಷ್ಟು ಎಂದು ಹೇಳಲಾಗದು, ಸಂಕದ ನಡುವೆ ಕಂಡರೆ ಹೇಳಬಹುದು. ಆದ್ದರಿಂದ ಇತಿಹಾಸದ ಕಡತದಲ್ಲಿ ಗರ್ಭದ ಹೈಡ್ರೋಜನ್ ಮುಗಿದ ಮೇಲೆ ತಂಗಿಯ ತ್ರಿಜ್ಯ 0.946 ಆಗುವ ಮೊದಲ ಸಾಲಿನಲ್ಲಿ ಏನು ವಯಸ್ಸು ಬರೆದಿದೆಯೋ ಅದೇ ಜೋಡಿಯ ವಯಸ್ಸು. ಅಕ್ಕನ ಕಡತಕ್ಕೆ ಹೋಗಿ ಅದೇ ವಯಸ್ಸಿನ ಸಾಲನ್ನು ತೆರೆಯಬೇಕು. ಅಲ್ಲಿರುವ ತ್ರಿಜ್ಯ, ಉಷ್ಣತೆ, ದೀಪ್ತಿ ಆಕಾಶದಲ್ಲಿ ಅಳೆದದ್ದಕ್ಕೆ ಹೊಂದಬೇಕು. ಹೊಂದದಿದ್ದರೆ ಮಾದರಿಯ ಒಳಗೆ ಏನೋ ತಪ್ಪಿದೆ. ಇಲ್ಲಿ ಜಾರಿಕೊಳ್ಳಲು ದಾರಿಯಿಲ್ಲ.

ನಮ್ಮ ಮೊದಲ ಜೋಡಿ ಹೊಂದಲಿಲ್ಲ. ಅಕ್ಕ ತಂಗಿ ಇಬ್ಬರೂ ಅಳತೆಗಿಂತ ಮಂಕಾಗಿ ಬಂದರು. ಕಾರಣ ಹುಡುಕುತ್ತ ಹೋದಾಗ ನಮೂನೆಯ ಒಂದು ಚಿಕ್ಕ ಅಂಕಣದ ಮುಂದೆ ಬಂದು ನಿಂತೆವು. ಇಂಗ್ಲಿಷಿನಲ್ಲಿ ಓವರ್‌ಶೂಟ್ ಎನ್ನುವುದು. ಆಲೆಮನೆ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಕುದಿಯುವಾಗ ತಳದಿಂದ ಎದ್ದ ಉಕ್ಕು ಎಲ್ಲಿಗೆ ನಿಲ್ಲಬೇಕೋ ಅಲ್ಲಿಗೇ ನಿಲ್ಲುವುದಿಲ್ಲ. ಎದ್ದ ರಭಸದಲ್ಲಿ ಇನ್ನೊಂದಿಷ್ಟು ಮೇಲೆ ಹೋಗಿ, ಅಲ್ಲಿದ್ದದ್ದನ್ನು ಕಲಕಿಕೊಂಡು ಇಳಿಯುತ್ತದೆ. ಸೂರ್ಯನ ಎರಡೂವರೆ ಪಟ್ಟು ಭಾರದ ನಕ್ಷತ್ರದ ಗರ್ಭವೂ ಯೌವನದಲ್ಲಿ ಹೀಗೆ ಕುದಿಯುತ್ತಿರುತ್ತದೆ. ಕುದಿತ ಗಡಿ ಮೀರಿ ಮೇಲೆ ಹೋದಷ್ಟೂ ಹೊರಗಿನ ಹೊಸ ಹೈಡ್ರೋಜನ್ ಗರ್ಭಕ್ಕೆ ಸೇರುತ್ತದೆ, ಯೌವನ ಹೆಚ್ಚು ಕಾಲ ನಡೆಯುತ್ತದೆ, ಕೊನೆಗೆ ಉಳಿಯುವ ಹೀಲಿಯಂ ಗರ್ಭವೂ ದೊಡ್ಡದಾಗುತ್ತದೆ. ಗರ್ಭ ದೊಡ್ಡದಾದರೆ ದೈತ್ಯ ಹೆಚ್ಚು ಬೆಳಗುತ್ತದೆ. ಎಷ್ಟು ಮೀರುತ್ತದೆ ಎಂಬುದನ್ನು ಮೂಲಸೂತ್ರಗಳಿಂದ ಖಚಿತವಾಗಿ ಪಡೆಯುವ ದಾರಿ ಇನ್ನೂ ಇಲ್ಲ. ಬ್ರಹ್ಮಹೃದಯದಂಥ ಜೋಡಿಗಳನ್ನು ಅಳೆದೇ ಆ ಸಂಖ್ಯೆಯನ್ನು ಹಿಡಿಯಬೇಕು. ನಾವು ಆ ಅಂಕಣವನ್ನು ಸೊನ್ನೆಯಲ್ಲಿ ಬಿಟ್ಟಿದ್ದೆವು. ಸ್ವಲ್ಪಸ್ವಲ್ಪ ಏರಿಸುತ್ತ ಆರು ಜೋಡಿ ಮಾಡಿಸಿದ ಮೇಲೆ ತಂಗಿ ಅಳತೆಯ ಚೌಕದೊಳಗೆ, ಅಂದರೆ ಅಳತೆಯ ಅನಿಶ್ಚಿತತೆಯ ಮಿತಿಯೊಳಗೆ ಬಂದಳು, ಅಕ್ಕ ಅದರ ಅಂಚಿಗೆ ಬಂದು ನಿಂತಳು.

ಉಳಿದ ಅಂತರಕ್ಕೆ ಕಾರಣ ಲೋಹಾಂಶ. ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದುದೆಲ್ಲ ಖಗೋಳದವರಿಗೆ ಲೋಹವೇ. ಬ್ರಹ್ಮಹೃದಯದಲ್ಲಿ ಕಬ್ಬಿಣದ ಪ್ರಮಾಣ ಹೆಚ್ಚುಕಡಿಮೆ ಸೂರ್ಯನಷ್ಟೇ, ಕೂದಲೆಳೆಯಷ್ಟು ಕಡಿಮೆ. ಹಾಗಾದರೆ ಸೂರ್ಯನಲ್ಲಿ ಎಷ್ಟು? ಹಳೆಯ ಪಠ್ಯಪುಸ್ತಕಗಳಲ್ಲಿ ಶೇಕಡಾ 2. 2009ರಲ್ಲಿ ಆಸ್ಪ್ಲುಂಡ್ ಮತ್ತು ಸಂಗಡಿಗರು ಕೊಟ್ಟದ್ದು ಶೇಕಡಾ 1.34. ನನ್ನ ವಿದ್ಯಾರ್ಥಿನಿ ಪಠ್ಯಪುಸ್ತಕ ನೋಡಿ 0.02 ಎಂದು ತುಂಬಿದ್ದಳು. 0.0135ರ ಸುತ್ತ ಇಟ್ಟು ಮತ್ತೆ ಮಾಡಿಸಿದಾಗ ಇಬ್ಬರೂ ಸ್ವಲ್ಪ ಬಿಸಿಯಾದರು, ಆಯುಷ್ಯ ಸ್ವಲ್ಪ ಮೊಟಕಾಯಿತು, ಅಕ್ಕ ಚೌಕದೊಳಗೆ ಬಂದಳು. ಅವಳು ಕುಳಿತ ಸಾಲಿನಲ್ಲಿ ಗರ್ಭದ ಹೀಲಿಯಂ ಬಹುಪಾಲು ತೀರಿಹೋಗಿತ್ತು. 2015ರ ಪ್ರಬಂಧದವರು ಮೂರು ಬೇರೆಬೇರೆ ಮಾದರಿಗಳನ್ನು ಹೋಲಿಸಿ ಹೇಳಿದ್ದೂ ಅದನ್ನೇ: ಅಕ್ಕ ಹೀಲಿಯಂ ಉರಿಸುವ ಘಟ್ಟದ ಕೊನೆಯಲ್ಲಿದ್ದಾಳೆ. ಶಿರಸಿಯ ಪ್ರಯೋಗಾಲಯದಲ್ಲಿ ಕುಳಿತು ಅದೇ ಜಾಗಕ್ಕೆ ನಾವೂ ತಲುಪಿದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಇಷ್ಟಕ್ಕೆ ನಿಲ್ಲಿಸದೆ ಇನ್ನೊಂದು ಪರೀಕ್ಷೆ ಮಾಡಿದೆವು. ಈ ಸೇವೆಯ ಬಗ್ಗೆ ನನಗೆ ನಂಬಿಕೆ ಬಂದದ್ದು ಅದರಿಂದಲೇ. ಇದೇ ಟಾರೆಸ್ ತಂಡ 2009ರಲ್ಲಿ ಪ್ರಕಟಿಸಿದ ದ್ರವ್ಯರಾಶಿಗಳು ಬೇರೆ ಇದ್ದವು: 2.466 ಮತ್ತು 2.443. ಆಗ ಯಾವ ಮಾದರಿಯೂ ಜೋಡಿಗೆ ಸರಿಯಾಗಿ ಹೊಂದಲಿಲ್ಲ ಎಂದು ಅವರೇ ಬರೆದಿದ್ದಾರೆ. ಅಕ್ಕ ಯಾವ ಘಟ್ಟದಲ್ಲಿದ್ದಾಳೆ ಎಂದು ಹೇಳಲು ಸಾಧ್ಯವಾಗಿರಲಿಲ್ಲ. ತೊಡಕಿದ್ದದ್ದು ತಂಗಿಯ ರೋಹಿತದಲ್ಲಿ. ಅವಳು ಒಂಬತ್ತು ದಿನಕ್ಕೂ ಕಡಿಮೆ ಅವಧಿಯಲ್ಲಿ ತನ್ನ ಸುತ್ತ ಒಂದು ಸುತ್ತು ತಿರುಗುತ್ತಾಳೆ. ಅಕ್ಕನಿಗೆ ನೂರಕ್ಕೂ ಹೆಚ್ಚು ದಿನ ಬೇಕು. ಬೇಗ ತಿರುಗುವ ನಕ್ಷತ್ರದ ರೋಹಿತರೇಖೆ ಸೂಜಿಯಂತೆ ಇರುವುದಿಲ್ಲ, ಹರಡಿಕೊಂಡಿರುತ್ತದೆ, ಅದರ ನಡುಮಧ್ಯ ಎಲ್ಲಿ ಎಂದು ಗುರುತಿಸುವಾಗ ಅಕ್ಕನ ಚೂಪು ರೇಖೆಗಳು ಅಡ್ಡ ಬರುತ್ತವೆ. 2011ರಲ್ಲಿ ವೇಬರ್ ಮತ್ತು ಸ್ಟ್ರಾಸ್‌ಮೇಯರ್ ಇನ್ನೂ ನಿಖರವಾದ ವೇಗಗಳನ್ನು ಅಳೆದ ಮೇಲೆ ದ್ರವ್ಯರಾಶಿಗಳೆರಡೂ ಮೇಲಕ್ಕೆ ಸರಿದವು, ಅಂತರವೂ ಹಿಗ್ಗಿತು.

ನಾವು ಹಳೆಯ ಸಂಖ್ಯೆಗಳನ್ನೂ ನಮೂನೆಗೆ ಹಾಕಿ ನೋಡಿದೆವು. ಓವರ್‌ಶೂಟ್ ಏರಿಸಿದರೂ ಇಳಿಸಿದರೂ, ಲೋಹಾಂಶ ಬದಲಿಸಿದರೂ ಇಬ್ಬರೂ ಒಟ್ಟಿಗೆ ಚೌಕದೊಳಗೆ ಬರಲಿಲ್ಲ. ಏಕೆ ಎಂದು ಕರಿಹಲಗೆಯ ಮೇಲೆ ಸ್ಥೂಲವಾಗಿ ಲೆಕ್ಕ ಹಾಕಿದೆವು. ಈ ತೂಕದ ನಕ್ಷತ್ರದಲ್ಲಿ ದ್ರವ್ಯರಾಶಿ ಶೇಕಡಾ 1 ಹೆಚ್ಚಾದರೆ ಆಯುಷ್ಯ ಶೇಕಡಾ ಎರಡೂವರೆಯಿಂದ ಮೂರರಷ್ಟು ಕಡಿಮೆಯಾಗುತ್ತದೆ. ಹಳೆಯ ಅಳತೆಯಲ್ಲಿ ಅಕ್ಕತಂಗಿಯರ ವ್ಯತ್ಯಾಸ ಶೇಕಡಾ ಒಂದೂ ಇಲ್ಲ. ಅಂದರೆ ಅಕ್ಕ ಮುಂದಿರುವುದು ಸುಮಾರು ಒಂದೂವರೆ ಕೋಟಿ ವರ್ಷ ಮಾತ್ರ. ಅಷ್ಟರಲ್ಲಿ ಅವಳು ಹೀಲಿಯಂ ಘಟ್ಟದ ಕೊನೆಗೆ ಹೇಗೆ ತಲುಪಿಯಾಳು? ಹೊಸ ಅಳತೆಯಲ್ಲಿ ವ್ಯತ್ಯಾಸ ಶೇಕಡಾ ಸುಮಾರು ಮೂರೂವರೆ. ಐದಾರು ಕೋಟಿ ವರ್ಷಗಳ ಅಂತರ. ತಪ್ಪಿದ್ದು ಸಿದ್ಧಾಂತದಲ್ಲಲ್ಲ, ಅಳತೆಯಲ್ಲಿ ಉಳಿದಿದ್ದ ಎಳ್ಳುಕಾಳಿನಷ್ಟು ದೋಷದಲ್ಲಿ ಎಂಬುದನ್ನು ಮಕ್ಕಳು ತಮ್ಮ ಕೈಯಾರೆ ಕಂಡುಕೊಂಡರು. ದೈತ್ಯರ ಜೋಡಿಯನ್ನು ಶೇಕಡಾ 1ರ ನಿಖರತೆಯಲ್ಲಿ ಅಳೆದರೆ ಸಾಲದು ಎಂಬ ಮಾತನ್ನು ನಾನು ಎಷ್ಟು ವರ್ಷ ಬಾಯಿಮಾತಿನಲ್ಲಿ ಹೇಳಿದ್ದರೂ ಅದು ಹೀಗೆ ನಾಟುತ್ತಿರಲಿಲ್ಲ.

ಕೊರತೆಗಳ ಬಗ್ಗೆಯೂ ಹೇಳಬೇಕು. ಮೆಸಾ-ವೆಬ್ ಒಂದು ಸಲಕ್ಕೆ ಒಂದೇ ನಕ್ಷತ್ರವನ್ನು ಮಾಡುತ್ತದೆ, ಅದೂ ಒಂಟಿ ನಕ್ಷತ್ರವನ್ನು. ಒಂದರಿಂದ ಇನ್ನೊಂದಕ್ಕೆ ವಸ್ತು ಹರಿಯುವ ಯಮಳ ತಾರೆಗಳಿಗೆ ಇದು ಒದಗುವುದಿಲ್ಲ. ಬ್ರಹ್ಮಹೃದಯಕ್ಕೆ ಅದರಿಂದ ತೊಂದರೆಯಾಗಲಿಲ್ಲ; ಅಕ್ಕತಂಗಿಯರ ನಡುವೆ ಸೂರ್ಯನ ತ್ರಿಜ್ಯದ 150 ಪಟ್ಟಿಗೂ ಹೆಚ್ಚು ಅಂತರವಿದೆ, ಇಬ್ಬರೂ ಪರಸ್ಪರ ಮುಟ್ಟದೆ ತಮ್ಮ ಪಾಡಿಗೆ ಬೆಳೆದವರು. ಆದರೆ ಹಾಗೆ ವಸ್ತು ಹರಿದಿರುವ ಆಲ್ಗಾಲ್‌ನಂಥ ನಕ್ಷತ್ರವನ್ನು ಇದರಲ್ಲಿ ಮಾಡಿಸಲು ಹೊರಟರೆ ಬರುವ ಉತ್ತರಕ್ಕೆ ಅರ್ಥವಿರುವುದಿಲ್ಲ, ನಮೂನೆಯು ಅದನ್ನು ತಡೆದು ಹೇಳುವುದೂ ಇಲ್ಲ. ಪ್ರತಿ ಲೆಕ್ಕಕ್ಕೂ ಸಮಯದ ಮಿತಿಯಿದೆ. ಎಲ್ಲಿ ನಿಲ್ಲಿಸಬೇಕು ಎಂಬ ಷರತ್ತನ್ನು ಯೋಚಿಸಿ ತುಂಬಿ. ನಮಗೆ ಬೇಕಿದ್ದದ್ದು ಗರ್ಭದ ಹೀಲಿಯಂ ತೀರುವವರೆಗೆ ಮಾತ್ರ, ಅದರಾಚೆಗೆ ಹೋಗಲು ಬಿಟ್ಟಾಗ ಸುಮ್ಮನೆ ಹೊತ್ತು ಹೋಯಿತು. ಸಂವಹನದ ಅಂಕಣಗಳ ಪಕ್ಕದ ವಿವರಣೆ ಇಂಗ್ಲಿಷಿನಲ್ಲಿದೆ, ಸಂಕ್ಷಿಪ್ತವೂ ಹೌದು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗಾಗಿ ನಾನು ಎರಡು ಪುಟಗಳ ಟಿಪ್ಪಣಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಬೇಕಾಯಿತು. ಶಿಕ್ಷಕರ ಜೊತೆಯಿಲ್ಲದೆ ಪಿ.ಯು. ಮಕ್ಕಳ ಕೈಗೆ ಇದನ್ನು ಕೊಡುವಂತಿಲ್ಲ.

ಇಮೇಲ್ ಮೂಲಕ ಫಲಿತಾಂಶ ಬರುವ ವ್ಯವಸ್ಥೆ ಮೊದಲು ನನಗೆ ಹಳತೆನಿಸಿತ್ತು. ಮಳೆಗಾಲದಲ್ಲಿ ಅದರ ಬೆಲೆ ತಿಳಿಯಿತು. ಎರಡು ದಿನ ಬಿಟ್ಟೂಬಿಡದೆ ಸುರಿದು, ಮಧ್ಯಾಹ್ನ ಕರೆಂಟು ಹೋಗಿ, ಪ್ರಯೋಗಾಲಯ ಕತ್ತಲಾಯಿತು. ನಮ್ಮದೇ ಯಂತ್ರದಲ್ಲಿ ಲೆಕ್ಕ ನಡೆಯುತ್ತಿದ್ದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತಿತ್ತು. ರಾತ್ರಿ ಮನೆಗೆ ಬಂದು ಮೊಬೈಲ್ ತೆರೆದರೆ ಮೂರು ನಕ್ಷತ್ರಗಳು ಬಂದು ಕಾಯುತ್ತಿದ್ದವು.

ಈ ಸೇವೆ ಮುಟ್ಟದ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಅಕ್ಕತಂಗಿಯರ ನಡುವಿನ ಸೆಳೆತ ಕಾಲಕ್ರಮೇಣ ಕಕ್ಷೆಯನ್ನು ದುಂಡಗಾಗಿಸುತ್ತದೆ, ತಿರುಗುವ ವೇಗವನ್ನು ಕಕ್ಷೆಗೆ ಹೊಂದಿಸುತ್ತದೆ. ಅಕ್ಕ ಆಗಲೇ ಹೊಂದಿಕೊಂಡಿದ್ದಾಳೆ. ಆದರೆ ಉಬ್ಬರವಿಳಿತದ ಸಿದ್ಧಾಂತದ ಪ್ರಕಾರ ಲೆಕ್ಕ ಹಾಕಿದರೆ ಇದು ಕೂಡುವುದಿಲ್ಲ; ಸೆಳೆತದಿಂದ ಶಕ್ತಿ ಕರಗಿಹೋಗುವ ಪ್ರಮಾಣವನ್ನು 40 ಪಟ್ಟು ಹೆಚ್ಚಿಸಿದರೆ ಮಾತ್ರ ಅಳತೆಗೆ ಹೊಂದುತ್ತದೆ ಎಂದು ಅದೇ 2015ರ ಪ್ರಬಂಧ ಹೇಳುತ್ತದೆ. ಒಳಗಿನ ಬೆಂಕಿಯ ಲೆಕ್ಕ ಶೇಕಡಾವಾರಿನಲ್ಲಿ ಸರಿಹೊಂದುವ ಇದೇ ಜೋಡಿಯಲ್ಲಿ ಹೊರಗಿನ ಸೆಳೆತದ ಲೆಕ್ಕ 40 ಪಟ್ಟು ತಪ್ಪಿದೆ. ಮೆಸಾ-ವೆಬ್‌ನಲ್ಲಿ ಇದಕ್ಕೆ ಅಂಕಣವಿಲ್ಲ. ಆ ಕೆಲಸಕ್ಕೆ ಪೂರ್ಣ ಮೆಸಾವನ್ನೇ ಕೂರಿಸಿಕೊಳ್ಳಬೇಕು. ಬೇಸಿಗೆ ರಜೆಯಲ್ಲಿ ಇನ್ನೊಮ್ಮೆ ಪ್ರಯತ್ನಿಸಲಿದ್ದೇನೆ.

ಬ್ರಹ್ಮಹೃದಯ ಮುಗಿಸಿದವರಿಗೆ ಬೇರೆ ಜೋಡಿಗಳೂ ಇವೆ. ಕೆಪ್ಲರ್ ಬಾಹ್ಯಾಕಾಶ ದೂರದರ್ಶಕ ಕಂಡ, ಒಂದು ಕೆಂಪು ದೈತ್ಯ ಇನ್ನೊಂದು ನಕ್ಷತ್ರವನ್ನು ಮರೆಮಾಡುವ ಗ್ರಹಣಜೋಡಿಗಳು ಬಹಳ ಬೆಲೆಯುಳ್ಳವು. ಗ್ರಹಣ ಎಷ್ಟು ಹೊತ್ತು ನಡೆಯಿತು ಎಂಬುದರಿಂದ ತ್ರಿಜ್ಯ ಸಿಗುತ್ತದೆ, ದೈತ್ಯದ ಮೇಲ್ಮೈಯ ಕಂಪನಗಳಿಂದಲೂ ತ್ರಿಜ್ಯ, ದ್ರವ್ಯರಾಶಿಗಳನ್ನು ಊಹಿಸಬಹುದು. ಎರಡನ್ನೂ ಹೋಲಿಸಿದ ಗೋಲ್ಮ್ ಮತ್ತು ಸಂಗಡಿಗರು 2016ರಲ್ಲಿ ಹೇಳಿದ್ದೇನೆಂದರೆ, ಕಂಪನದ ಸೂತ್ರ ತ್ರಿಜ್ಯವನ್ನು ಸರಾಸರಿ ಶೇಕಡಾ 5, ದ್ರವ್ಯರಾಶಿಯನ್ನು ಶೇಕಡಾ 15 ಹೆಚ್ಚು ತೋರಿಸುತ್ತದೆ. ದ್ರವ್ಯರಾಶಿ ಅಷ್ಟು ತಪ್ಪಿದರೆ ವಯಸ್ಸು ಎಷ್ಟು ತಪ್ಪುತ್ತದೆ ಎಂದು ಬ್ರಹ್ಮಹೃದಯದ ಲೆಕ್ಕ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಪೈಕಿ 408 ದಿನಗಳ ಕಕ್ಷೆಯ ಒಂದು ಜೋಡಿಯನ್ನು ಮುಂದಿನ ವರ್ಷದ ತಂಡಕ್ಕೆ ಎತ್ತಿಟ್ಟಿದ್ದೇನೆ.

ಕಾಲೇಜಿನ ಶಿಕ್ಷಕರಿಗೆ, ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ, ಲಾಗರಿದಮ್ ಮರೆಯದ ಆಸಕ್ತರಿಗೆ ನಾನು ಮೆಸಾ-ವೆಬ್ಬನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಅಂಕ ಕೇಳಿದರೆ ಹತ್ತಕ್ಕೆ ಎಂಟೂವರೆ. ಜೋಡಿಯನ್ನು ಒಂದೇ ನಮೂನೆಯಲ್ಲಿ ತುಂಬುವ ಅವಕಾಶ ಬಂದ ದಿನ ಒಂಬತ್ತೂವರೆ. ಅಲ್ಲಿಯವರೆಗೆ ಒಂದು ಉಪಾಯ ಹೇಳುತ್ತೇನೆ. ಎರಡು ಚಲನಚಿತ್ರಗಳನ್ನು ಅಕ್ಕಪಕ್ಕ ಓಡಿಸಿ ಹೋಲಿಸಬೇಡಿ. ತಂತ್ರಾಂಶ ನಕ್ಷತ್ರದ ಜೀವನದಲ್ಲಿ ಬದಲಾವಣೆ ಜೋರಾದಾಗ ಚಿಕ್ಕ ಹೆಜ್ಜೆ, ನಿಧಾನವಾದಾಗ ದೊಡ್ಡ ಹೆಜ್ಜೆ ಇಡುತ್ತದೆ, ಹಾಗಾಗಿ ಎರಡರ ಗಡಿಯಾರಗಳು ಕೂಡುವುದಿಲ್ಲ. ಬದಲಿಗೆ ಎರಡೂ ಇತಿಹಾಸದ ಕಡತಗಳನ್ನು ತೆರೆದು, ವಯಸ್ಸಿನ ಅಂಕಣವನ್ನು ಹಿಡಿದು, ತಂಗಿಯ 0.946ರ ಸಾಲಿನಿಂದ ಅಕ್ಕನ ಅದೇ ವಯಸ್ಸಿನ ಸಾಲಿಗೆ ಕಾಗದದ ಮೇಲೆ ಒಂದು ಗೆರೆ ಎಳೆಯಿರಿ. ನಮ್ಮ ಪ್ರಯೋಗಾಲಯದ ಗೋಡೆಯ ಮೇಲೆ ಅಂಥ ಹದಿಮೂರು ಹಾಳೆಗಳಿವೆ. ಹದಿಮೂರನೆಯದರಲ್ಲಿ ಮಾತ್ರ ಗೆರೆ ಚೌಕದೊಳಗೆ ಹೋಗಿ ಮುಟ್ಟಿದೆ.